ಬಸ್ಕಿ ಶಿಕ್ಷೆ ಅಲ್ಲ ಕಣ್ರೀ...

ಮಗ್ಗಿ ತಪ್ಪಿದರೆ ಹತ್ತು ಬಸ್ಕಿ. ಹೋಂವರ್ಕ್ ತರದಿದ್ದರೆ ಇಪ್ಪತ್ತೈದು. ಪಕ್ಕದವನ ಜೊತೆ ಮಾತಾಡಿ ಸಿಕ್ಕಿಬಿದ್ದರೆ ಹೊರಗೆ ನಿಂತು, ಕಿವಿ ಹಿಡ್ಕೊಂಡು, ಮೇಷ್ಟ್ರು ‘ಸಾಕು’ ಅನ್ನೋವರೆಗೂ. ನಾನಂತೂ ಹೈಸ್ಕೂಲು ಮುಗಿಸೋ ಹೊತ್ತಿಗೆ ಸಾವಿರಾರು ಬಸ್ಕಿ ಹೊಡೆದಿದ್ದೆ. ಅದು ಒಂದು ವ್ಯಾಯಾಮ, ಕಾಲಿಗೆ ಅದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ ಅಂತ ಒಬ್ಬರೂ ಹೇಳಲಿಲ್ಲ. ನಮ್ಮ ಶಾಲೆಗಳ ಮೇಲೆ ನನಗಿರೋ ಸಿಟ್ಟುಗಳಲ್ಲಿ ಇದು ದೊಡ್ಡದು. ಗರಡಿ ಮನೆಯಲ್ಲಿ ಹೆಮ್ಮೆಯಿಂದ ಮಾಡುತ್ತಿದ್ದದ್ದನ್ನು ತಂದು ಅವಮಾನ ಮಾಡಿಟ್ಟರು. ವಾರಕ್ಕೆ ಎರಡು ಪಿ.ಟಿ. ಪಿರಿಯಡ್ ಇತ್ತು, ಅದರಲ್ಲಿ ಒಂದನ್ನು ಗಣಿತದ ಮೇಷ್ಟ್ರು ತಗೋತಿದ್ರು, ಇನ್ನೊಂದರಲ್ಲಿ ಚೆಂಡು ಸಿಕ್ಕವರು ಆಡ್ತಿದ್ರು.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ ನನ್ನ ಅಕ್ಕನ ಮಗನಿಂದ. ಹದಿನೈದು ವರ್ಷ, ಹತ್ತನೇ ಕ್ಲಾಸು, ಕಡ್ಡಿ ಪೈಲ್ವಾನ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ನೋಡೋ, ಇವನ ಮಂಚದ ಕೆಳಗೆ ಒಂದು ದೊಡ್ಡ ಡಬ್ಬಿ ಸಿಕ್ತು, ಏನೋ ಪೌಡರಂತೆ. ರೆಕಾರ್ಡ್ ಬುಕ್ಕಿಗೆ, ಟ್ರಿಪ್ಪಿಗೆ ಅಂತ ನನ್ನ ಹತ್ರ ಇಸ್ಕೊಂಡಿದ್ದೆಲ್ಲ ಅದಕ್ಕೇ ಹೋಗಿದೆ." ಹೋಗಿ ನೋಡಿದರೆ ಹುಡುಗ ಬಾಗಿಲು ಹಾಕ್ಕೊಂಡು ಕೂತಿದ್ದ. ಮನೆ ಹತ್ತಿರದ ಒಂದು ಜಿಮ್ಮಿಗೆ ಸೇರಿ ಆಗಲೇ ಮೂರು ವಾರ ಆಗಿತ್ತು. ಅವನ ವಯಸ್ಸನ್ನು ಯಾರೂ ಕೇಳಿಲ್ಲ. ಅಪ್ಪ ಅಮ್ಮ ಬಂದಿದ್ದಾರಾ ಅಂತ ಕೇಳಿಲ್ಲ. ಮೂರು ತಿಂಗಳ ಪ್ಯಾಕೇಜು, ಅದರ ಜೊತೆ ಈ ಡಬ್ಬಿ, ಅಷ್ಟೇ.

ಭಾವ ಒಂದೇ ಮಾತು ಹೇಳಿದರು. "ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಕುಳ್ಳ ಆಗ್ತಾನೆ, ಮುಚ್ಚಿಸಿ ಅದನ್ನ."

ಇಲ್ಲಿ ಭಾವನ ಮಾತು ತಪ್ಪು ಅಂತ ಹೇಳಲೇಬೇಕು, ಯಾಕಂದ್ರೆ ನಮ್ಮಲ್ಲಿ ಹತ್ತು ಮನೆಗೆ ಒಂಬತ್ತು ಮನೆಯಲ್ಲಿ ಇದೇ ನಂಬಿಕೆ. ಬೆಳೆಯೋ ಮಕ್ಕಳ ಉದ್ದ ಮೂಳೆಗಳ ತುದಿ ಹತ್ತಿರ ಮೆದು ಎಲುಬಿನ ಒಂದು ಪಟ್ಟಿ ಇರತ್ತೆ. ಮೂಳೆ ಉದ್ದ ಆಗೋದು ಅಲ್ಲಿಂದಲೇ. ಹರೆಯ ಮುಗಿಯೋ ಹೊತ್ತಿಗೆ ಅದು ಗಟ್ಟಿಯಾಗಿ ಮೂಳೆಯಲ್ಲೇ ಸೇರಿಹೋಗುತ್ತೆ, ಹೆಣ್ಣುಮಕ್ಕಳಲ್ಲಿ ಸ್ವಲ್ಪ ಮೊದಲು, ಗಂಡುಹುಡುಗರಲ್ಲಿ ಆಮೇಲೆ. ಆ ಜಾಗಕ್ಕೆ ಜೋರಾಗಿ ಪೆಟ್ಟು ಬಿದ್ದರೆ ತೊಂದರೆ ನಿಜ, ಆದರೆ ಆ ಪೆಟ್ಟು ಮರದಿಂದ ಬಿದ್ದರೂ ಆಗಬಹುದು, ಫುಟ್‌ಬಾಲ್ ಆಡುವಾಗಲೂ ಆಗಬಹುದು. ತಿಳಿದವರ ಕಣ್ಣೆದುರಿಗೆ, ಸರಿಯಾದ ಕ್ರಮದಲ್ಲಿ ತೂಕ ಎತ್ತಿದರೆ ಎತ್ತರ ಕುಂಠಿತ ಆಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2020ರಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳಿತು. ಕಬ್ಬಿಣ ಕೆಟ್ಟದ್ದಲ್ಲ. ಪಕ್ಕದಲ್ಲಿ ನೋಡಿಕೊಳ್ಳೋರು ಯಾರೂ ಇಲ್ಲದಿರೋದು ಕೆಟ್ಟದ್ದು.

ಅದು ನನಗೆ ಗೊತ್ತಿರೋದು ಓದಿ ಅಲ್ಲ. 1997ರಲ್ಲಿ, ಪಿಯುಸಿಯಲ್ಲಿದ್ದಾಗ, ಮೈಸೂರಿನಲ್ಲಿ ಒಂದು ಎರಡು ರೂಮಿನ ಜಿಮ್ಮಿಗೆ ಹೋಗ್ತಿದ್ದೆ. ಒಂದು ದಿನ ಗೆಳೆಯರು ‘ಎತ್ತೋ ನೋಡೋಣ’ ಅಂದರು. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ನೆಲದಿಂದ ಎತ್ತಿದೆ. ಮಂಡಿವರೆಗೂ ಬಂತು, ಸೊಂಟದಲ್ಲಿ ಏನೋ ಚಳಕ್ ಅಂತು. ಮೂರು ವಾರ ಹಾಸಿಗೆ. ಪ್ರಿಪರೇಟರಿ ಪರೀಕ್ಷೆ ಹೋಯ್ತು. ಅಮ್ಮ ದಿನಾ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುತ್ತಾ, ಪ್ರತಿ ಚೊಂಬಿಗೂ ಒಂದೊಂದು ಬೈಗುಳ. ಈಗಲೂ ಬಸ್ಸಲ್ಲಿ ನಾಲ್ಕು ಗಂಟೆ ಕೂತರೆ ಆ ಜಾಗ ತನ್ನ ಹಾಜರಿ ಹೇಳತ್ತೆ.

ಹಾಗಾಗಿ ಹುಡುಗನಿಗೆ ನಾನು ಬೈಯಲಿಲ್ಲ. "ಒಂದು ದಂಡ ಹೊಡಿ ನೋಡೋಣ" ಅಂದೆ. ನೆಲಕ್ಕೆ ಕೈಯೂರಿ ನಾಲ್ಕು ಮಾಡಿದ, ಸೊಂಟ ತೊಟ್ಟಿಲ ಥರ ಜೋತುಬಿದ್ದಿತ್ತು. ಪಾರ್ಕಿಗೆ ಕರ್ಕೊಂಡು ಹೋಗಿ ಕಂಬಿಗೆ ನೇತುಹಾಕಿದೆ. ಹತ್ತು ಸೆಕೆಂಡು ನೇತಾಡಿದ, ಮೇಲಕ್ಕೆ ಒಂದು ಇಂಚೂ ಹೋಗಲಿಲ್ಲ. ತನ್ನ ಮೈಯನ್ನೇ ಎತ್ತಲಾರದವನ ಹೆಗಲ ಮೇಲೆ ಮೂರು ವಾರದಿಂದ ಕಬ್ಬಿಣ ಹೇರುತ್ತಿದ್ದರು ನೋಡಿ.

ನನ್ನ ವಾದ ಇಷ್ಟೇ. ಹರೆಯದ ಹುಡುಗ ಹುಡುಗಿಯರಿಗೆ ಮೊದಲ ತೂಕ ಅವರ ಮೈಯೇ. ಅದನ್ನು ಎತ್ತಿ, ಇಳಿಸಿ, ಹಿಡಿದಿಡೋಕೆ ಬರೋವರೆಗೂ ಬೇರೆ ತೂಕದ ಅವಸರ ಇಲ್ಲ. ಅದನ್ನು ಕಲಿಯೋಕೆ ಪ್ಯಾಕೇಜೂ ಬೇಡ, ಡಬ್ಬಿಯೂ ಬೇಡ.

ನಮ್ಮ ತಾತ ಗರಡಿಗೆ ಹೋಗ್ತಿದ್ದವರು. ಅವರು ಹೇಳ್ತಿದ್ದ ಪ್ರಕಾರ ಹೊಸ ಹುಡುಗನನ್ನು ಯಾರೂ ಮೊದಲ ದಿನವೇ ಕುಸ್ತಿಗೆ ಬಿಡ್ತಿರಲಿಲ್ಲ. ಕೈಗೆ ಗುದ್ದಲಿ ಕೊಟ್ಟು ಮಟ್ಟಿ ಅಗೆಸೋರು. ಕೆಮ್ಮಣ್ಣನ್ನು ಮೇಲೆ ಕೆಳಗೆ ಮಾಡಿ ಹದ ಮಾಡೋದೇ ತಿಂಗಳುಗಟ್ಟಲೆ ಕೆಲಸ. ಆಮೇಲೆ ದಂಡ, ಬಸ್ಕಿ. ಗದೆ ತಿರುಗಿಸೋದು ಅದಾದಮೇಲೆ. ವಸ್ತಾದರು ‘ಹೂಂ’ ಅನ್ನದೆ ಯಾವುದನ್ನೂ ಮುಟ್ಟೋ ಹಾಗಿಲ್ಲ. ಇವತ್ತಿನ ಕ್ರೀಡಾ ವೈದ್ಯರು ಹೇಳೋ ಮೂರು ಮಾತು ಇದರಲ್ಲೇ ಇದೆ: ಸುಲಭದಿಂದ ಶುರು ಮಾಡು, ನಿಧಾನವಾಗಿ ಏರಿಸು, ನೋಡುವವರು ಒಬ್ಬರಿರಲಿ. (ತಾತನ ಗರಡಿಯಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಹೆಣ್ಣುಮಕ್ಕಳು ಬಾಗಿಲ ಹತ್ತಿರವೂ ಸುಳಿಯೋ ಹಾಗಿರಲಿಲ್ಲ. ಮೂಳೆ ಗಟ್ಟಿ ಮಾಡಿಕೊಳ್ಳೋ ವಯಸ್ಸು ಅವರಿಗೂ ಇದೇ ಅಲ್ವೇ?)

ನಮ್ಮ ಸಾಹಿತ್ಯದವರಿಗೆ ಇಷ್ಟವಾಗೋ ಇನ್ನೊಂದು ಉದಾಹರಣೆ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಬರೆದವರು ಅಂತ ನಮಗೆ ಗೊತ್ತು. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯ ಪಟು. ಅವರು ಕಬ್ಬಿಣ ಬಲ್ಲವರೇ. ಆದರೂ ಸೂರ್ಯನಮಸ್ಕಾರದ ಮೇಲೆ ಒಂದು ಪುಸ್ತಕವನ್ನೇ ಬರೆದರು, ಅದನ್ನು ಬಿಡಲಿಲ್ಲ. ಕಾದಂಬರಿ ಬರೆಯೋರು ಸೊಣಕಲಾಗಿರಬೇಕು ಅಂತೇನೂ ಇಲ್ಲ ಅನ್ನೋದಕ್ಕೂ ಅವರೇ ಸಾಕ್ಷಿ. ನಮ್ಮ ಪೈಕಿ ಕೆಲವರು ಗಮನಿಸಬಹುದು :)

ಸರಿ, ಹುಡುಗನಿಗೆ ಏನು ಮಾಡಿಸಿದೆ ಅಂತ ಹೇಳ್ತೀನಿ. ವಾರಕ್ಕೆ ಮೂರೇ ದಿನ, ಮಧ್ಯೆ ಒಂದೊಂದು ದಿನ ಬಿಡುವು. ದಂಡ ಮೊದಲು ಗೋಡೆಗೆ ಕೈಯೂರಿ, ಆಮೇಲೆ ಜಗಲಿ ಅಂಚಿಗೆ, ಆಮೇಲೆ ನೆಲಕ್ಕೆ. ತಲೆಯಿಂದ ಹಿಮ್ಮಡಿವರೆಗೂ ಹಲಗೆ ಥರ ನೇರ ಇರಬೇಕು, ಸೊಂಟ ಜೋತ ತಕ್ಷಣ ಅವತ್ತಿಗೆ ಲೆಕ್ಕ ನಿಂತಿತು. ಕಂಬಿಗೆ ಮೇಲೆ ಎಳೆದುಕೊಳ್ಳೋಕೆ ಆಗದವರಿಗೆ ಒಂದು ಉಪಾಯ ಇದೆ. ಸ್ಟೂಲಿನ ಮೇಲೆ ಹತ್ತಿ ಗದ್ದ ಕಂಬಿಯ ಮೇಲಿರೋ ಹಾಗೆ ಹಿಡಿದುಕೊಂಡು, ಐದರವರೆಗೆ ಎಣಿಸುತ್ತಾ ನಿಧಾನವಾಗಿ ಇಳಿಯೋದು. ಇಳಿಯೋ ಶಕ್ತಿ ಬಂದರೆ ಏರೋ ಶಕ್ತಿ ಹಿಂದೆಯೇ ಬರುತ್ತೆ. ಬಸ್ಕಿ ಹತ್ತರ ಮೂರು ಸುತ್ತು. ಕೊನೆಗೆ ಸ್ಕಿಪ್ಪಿಂಗ್. ಇನ್ನೂ ಎರಡು ಆಗುತ್ತೆ ಅನ್ನಿಸುವಾಗಲೇ ನಿಲ್ಲಿಸೋದು. ಉಳಿದ ದಿನ ಸೈಕಲ್ಲೋ ಕಬಡ್ಡಿಯೋ, ಅವನಿಷ್ಟ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸೋ ಚಟುವಟಿಕೆ, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮೂಳೆ ಗಟ್ಟಿಯಾಗೋ ಕೆಲಸ ಇರಲಿ ಅನ್ನುತ್ತೆ. ಲೆಕ್ಕ ಸರಿಹೋಯ್ತು.

ಕೀಲಿನಲ್ಲಿ ನೋವು ಬಂದರೆ ಹೇಳಬೇಕು ಅಂತ ಷರತ್ತು. ತೊಡೆ ಮಾರನೇ ದಿನ ಜುಂ ಅನ್ನೋದು ಬೇರೆ, ಮಂಡಿಚಿಪ್ಪಿನ ಕೆಳಗೆ ಒಂದೇ ಕಡೆ ಒತ್ತಿದರೆ ನೋಯೋದು ಬೇರೆ. ಎರಡನೆಯದು ಸರಸರ ಬೆಳೆಯೋ ವಯಸ್ಸಲ್ಲಿ, ಜಿಗಿದು ಓಡೋ ಮಕ್ಕಳಲ್ಲಿ ಬರುತ್ತೆ. ಹಟ ಮಾಡಿ ಮುಂದುವರಿಸಿದರೆ ಎಳೆದಾಡುತ್ತೆ, ಡಾಕ್ಟರಿಗೆ ತೋರಿಸಿ ಸ್ವಲ್ಪ ದಿನ ತಗ್ಗಿಸಿದರೆ ಸಾಮಾನ್ಯವಾಗಿ ಹೋಗುತ್ತೆ.

ಬಸ್ಕಿಯ ವಿಷಯದಲ್ಲಿ ಇನ್ನೊಂದು ಮಾತು. ಅಭ್ಯಾಸ ಇಲ್ಲದ ಮಗುವಿಗೆ ಒಂದೇ ಸಲ ನೂರಾರು ಬಸ್ಕಿ ಹೊಡೆಸಿದರೆ ತೊಡೆಯ ಸ್ನಾಯು ಒಡೆದು, ಅದರ ಕಶ್ಮಲ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಏಟು ಬೀಳಬಹುದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಅಂತ ಕೂರದೆ ಆಸ್ಪತ್ರೆಗೆ ಓಡಬೇಕು. ಹತ್ತು ಹತ್ತಾಗಿ ಹೊಡೆದರೆ ಔಷಧಿ, ಶಿಕ್ಷೆಗೆ ಅಂತ ನಿಲ್ಲಿಸದೆ ಹೊಡೆಸಿದರೆ ವಿಷ. ಶಾಲೆಯಲ್ಲಿ ದೈಹಿಕ ಶಿಕ್ಷೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಿಷಿದ್ಧ. ಆದರೂ ಬಸ್ಕಿ ಶಿಕ್ಷೆ ಅಂತ ಇವತ್ತಿಗೂ ಎಷ್ಟೋ ಮೇಷ್ಟ್ರುಗಳಿಗೆ ಅನ್ನಿಸೋದೇ ಇಲ್ಲ!

ಡಬ್ಬಿ ವಿಷಯ ಬೇಗ ಮುಗಿಸ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸೋಕೆ ಅಂತ ಪ್ರೋಟೀನ್ ಪೌಡರ್ ತಗೋಬೇಡಿ ಅಂತ ನೇರವಾಗಿ ಹೇಳಿದ್ದಾರೆ. ಮುದ್ದೆ, ಹುರುಳಿ ಸಾರು, ಮೊಟ್ಟೆ, ಹಾಲು, ಒಂದು ಹಿಡಿ ಕಡಲೇಕಾಯಿ. ಅದಕ್ಕಿಂತ ಕಷ್ಟವಾಗಿದ್ದು ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ಇವನು ರಾತ್ರಿ ಒಂದರವರೆಗೂ ಮೊಬೈಲಿನಲ್ಲಿ ಕಟ್ಟುಮಸ್ತಾದವರ ರೀಲ್ಸ್ ನೋಡ್ತಿದ್ದ.

ಎರಡು ತಿಂಗಳಾದಮೇಲೆ ಹುಡುಗ ಮುಖ ಊದಿಸಿಕೊಂಡ. ಪ್ರತಿ ಭಾನುವಾರ ಅಕ್ಕನ ಹೊಲಿಗೆ ಟೇಪಿನಲ್ಲಿ ತೋಳು ಅಳೆಯೋದು, ಬೇಜಾರಾಗೋದು. "ಏನೂ ಬೆಳೆದಿಲ್ಲ ಮಾಮ." ಅವನಿಗೆ ವಿವರಿಸಿ ಹೇಳಬೇಕಾಯ್ತು. ಮೊದಮೊದಲು ಬರೋ ಶಕ್ತಿ ಸ್ನಾಯು ದಪ್ಪ ಆಗಿ ಬರೋದಲ್ಲ. ಇರೋ ಸ್ನಾಯುವನ್ನೇ ಒಟ್ಟಾಗಿ ಕೆಲಸಕ್ಕೆ ಹಚ್ಚೋದನ್ನ ಮಿದುಳು, ನರಗಳು ಕಲೀತವೆ. ದಪ್ಪ ಆಗೋದು ಹಾರ್ಮೋನು ಏರಿದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿಗೆ. ಟೇಪು ಬಿಡು, ನಾಲ್ಕು ದಂಡ ಹದಿನಾಲ್ಕು ಆಗಿದೆ ನೋಡು ಅಂದೆ.

ಅವತ್ತೇ ಅವನು ಒಂದು ವಿಡಿಯೋ ತೋರಿಸಿದ್ದು. ಕ್ಲಾಸಿನ ನಾಲ್ಕು ಹುಡುಗರು ಇವನನ್ನು ಕೈಕಾಲು ಹಿಡಿದು ಎತ್ತಿ, ಕಸದ ಡ್ರಮ್ಮಿನೊಳಗೆ ಕೂರಿಸಿ, ನಗುತ್ತಾ ತೆಗೆದದ್ದು. ಹದಿನೆಂಟು ಸೆಕೆಂಡು. ಅದರಲ್ಲಿ ಇವನೂ ನಗ್ತಾ ಇದ್ದ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಎಷ್ಟು ದಂಡ ಹೊಡೆದರೂ ಆ ಹುಡುಗರು ಬದಲಾಗಲ್ಲ, ಅದಕ್ಕೆ ಬೇರೆ ದಾರಿಯೇ ಬೇಕು. ಮಾರನೇ ದಿನ ಅಕ್ಕ, ನಾನು ಇಬ್ಬರೂ ಶಾಲೆಗೆ ಹೋಗಿ ಕೂತ್ವಿ. ಹೆಡ್ ಮೇಡಂ ಮೊದಲು ‘ಮಕ್ಕಳಾಟ’ ಅಂದರು, ಹದಿನೆಂಟು ಸೆಕೆಂಡು ಪೂರ್ತಿ ನೋಡಿದ ಮೇಲೆ ಆ ಮಾತು ಆಡಲಿಲ್ಲ. ನಾಲ್ವರ ಅಪ್ಪ ಅಮ್ಮಂದಿರನ್ನೂ ಕರೆಸಿದರು.

ಆದರೂ ಅವನು ಪಾರ್ಕಿಗೆ ಬರೋದು ನಿಲ್ಲಿಸಿಲ್ಲ. ಹೋದ ವಾರ ಕಂಬಿಗೆ ಮೂರು ಸಲ ಗದ್ದ ಮುಟ್ಟಿಸಿದ. ಪಕ್ಕದಲ್ಲಿ ವಾಕಿಂಗ್ ಬಂದಿದ್ದ ಅಜ್ಜ ಒಬ್ಬರು ನಿಂತು ಎಣಿಸಿ, "ಮೂರನೇದು ಅರ್ಧ ಕಣಪ್ಪಾ, ಲೆಕ್ಕಕ್ಕಿಲ್ಲ" ಅಂದರು. ಇವನು ಸ್ಟೂಲ್ ಒದ್ದು ಮತ್ತೆ ನೇತುಬಿದ್ದ.

ಈಗ ಅವನಿಗೆ ಮಲ್ಲಕಂಬ ಕಲೀಬೇಕಂತೆ. ಉತ್ತರ ಕರ್ನಾಟಕದ ಕಡೆ ಇದನ್ನು ಚೆನ್ನಾಗಿ ಕಲಿಸುತ್ತಾರೆ ಅಂತ ಗೊತ್ತು, ಆದರೆ ಹತ್ತನೇ ಕ್ಲಾಸಿನ ಹುಡುಗನನ್ನು ಅಲ್ಲಿಗೆ ಕಳಿಸೋಕೆ ಅಕ್ಕ ಒಪ್ಪಲ್ಲ. ಬೆಂಗಳೂರು ದಕ್ಷಿಣದಲ್ಲಿ, ಸಂಜೆ ಹೊತ್ತು, ತಾಳ್ಮೆಯಿಂದ ಹೇಳಿಕೊಡೋರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ವಯಸ್ಸು ಕೇಳೋರಾಗಿದ್ದರೆ ಇನ್ನೂ ಒಳ್ಳೆಯದು.