ಓಡಿದ್ರೆ ಜಾಂಬಿ ಅಲ್ವಾ?

ಬ್ರಹ್ಮಪುರದ ನಮ್ಮ ರೂಮಿನಲ್ಲಿ ಹಾರರ್ ಸಿನಿಮಾ ಮುಗಿದ ಮೇಲೆ ಪ್ರತಿ ಸಲ ಇದೇ ಜಗಳ. "ಓಡೋದು ಜಾಂಬಿ ಅಲ್ಲಲೇ, ಜಾಂಬಿ ಅಂದ್ರ ಕಾಲು ಎಳಕೋತ ಬರಬೇಕು" ಅನ್ನೋದು ಒಂದು ಪಾರ್ಟಿ. "ಟ್ರೈನ್ ಟು ಬುಸಾನ್ ನೋಡಿ ಮಾತಾಡು" ಅನ್ನೋದು ಇನ್ನೊಂದು. ನಮ್ಮ ಪ್ರಕಾರ ಇಲ್ಲಿ ಸ್ಪೀಡ್ ವಿಷಯವೇ ಅಲ್ಲ. ಕೇಳಬೇಕಾದದ್ದು ಇಷ್ಟೇ: ಅದು ಸತ್ತಿದೆಯಾ, ಇಲ್ವಾ?

ಜಾಂಬಿ ಹುಟ್ಟಿದ್ದು ಕೆರಿಬಿಯನ್‌ನ ಹೈಟಿಯಲ್ಲಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ದುಡಿದು ದುಡಿದೇ ಸಾಯುತ್ತಿದ್ದ ನೆಲ ಅದು. ಸತ್ತ ಮೇಲೂ ಮಂತ್ರವಾದಿಯೊಬ್ಬ ಹೆಣ ಎಬ್ಬಿಸಿ ಮತ್ತೆ ದುಡಿಯೋಕೆ ಹಚ್ಚಿದರೆ? ಭಯ ಅದರದ್ದು. ಆ ಜಾಂಬಿ ಯಾರನ್ನೂ ಕಚ್ಚಲ್ಲ. 1932ರ 'ವೈಟ್ ಜಾಂಬಿ' ಸಿನಿಮಾದಲ್ಲೂ ಅವರು ಸಕ್ಕರೆ ಗಿರಣಿಯ ಕೂಲಿಗಳೇ. ಮನುಷ್ಯರನ್ನು ತಿನ್ನೋ ಚಟ ಹಚ್ಚಿದ್ದು ಜಾರ್ಜ್ ರೊಮೆರೊ, 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್'ನಲ್ಲಿ. ತಮಾಷೆ ಅಂದ್ರೆ ಆ ಸಿನಿಮಾದಲ್ಲಿ ಜಾಂಬಿ ಅನ್ನೋ ಪದವೇ ಬರಲ್ಲ! ಆದರೂ ಎರಡೂ ಕಡೆ ಒಂದು ಮಾತು ನಿಜ: ಎದ್ದು ಬಂದವರು ಸತ್ತವರು, ಅವರಿಗೆ ಸ್ವಂತ ಬುದ್ಧಿ ಇಲ್ಲ.

ಹಾಗಾದ್ರೆ ನಮ್ಮ ಬೇತಾಳ? ಹೆಣದೊಳಗೆ ಸೇರಿಕೊಂಡಿರೋದು ಹೌದು. ಆದರೆ ವಿಕ್ರಮನ ಹೆಗಲೇರಿ ಕಥೆ ಮೇಲೆ ಕಥೆ ಹೇಳಿ ರಾಜನಿಗೇ ವೈವಾ ತಗೊಳ್ತದೆ. ಅಷ್ಟು ತಲೆ ಇರೋದು ಜಾಂಬಿ ಹೆಂಗಾಗ್ತದ? (ಇಂಟರ್ನಲ್ಸ್ ಹಿಂದಿನ ರಾತ್ರಿ ನೋಡಿದ್ರೆ ನಾವೇ ಹೆಚ್ಚು ಹತ್ತಿರ.)

ನಿಜವಾದ ತಕರಾರು ಇರೋದು 2002ರ '28 ಡೇಸ್ ಲೇಟರ್' ಥರದವುಗಳ ಜೊತೆ. ಅದರಲ್ಲಿ ಓಡಿ ಬರೋರು ಸತ್ತಿಲ್ಲ. ವೈರಸ್ ತಗುಲಿದ, ಉಸಿರಾಡೋ ಮನುಷ್ಯರು. ಕೊನೆಗೆ ಹಸಿವಿನಿಂದ ಸಾಯ್ತಾರೆ. 'ದಿ ಲಾಸ್ಟ್ ಆಫ್ ಅಸ್' ಗೇಮ್‌ನಲ್ಲಿ ಕಾರ್ಡಿಸೆಪ್ಸ್ ಅನ್ನೋ ಫಂಗಸ್ ಹಿಡಿದವರೂ ರೋಗಿಗಳೇ. ಅವರನ್ನು ಜಾಂಬಿ ಅಂದುಬಿಟ್ರೆ ಒಂದು ಅನುಕೂಲ ಇದೆ, ಗುಂಡು ಹೊಡೆಯೋ ಮುಂಚೆ ಯೋಚಿಸೋ ಕೆಲಸ ಇರಲ್ಲ. ಹೆಣಕ್ಕೆ ಹೊಡೆದ್ರೆ ಕೊಲೆ ಅಲ್ಲವಲ್ಲ. ರೋಗಿಗೆ ಹೊಡೆದ್ರೆ?

ಬೇರೆ ಊರಿನವರಿಗೆ ಇದು ಬರೀ ಪದದ ಜಗಳ ಅನಿಸಬಹುದು. ಆದರೆ 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಅಂತ ದಾಖಲಾದದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ನಾವಾಗ ಹೈಸ್ಕೂಲು. ಯಾರಾದ್ರೂ ಕೆಮ್ಮಿದ್ರೆ ಓಣಿಯವರು ಬಾಗಿಲು ಹಾಕಿಕೊಳ್ಳೋರು, ಕ್ವಾರಂಟೈನ್ ಮನೆ ಮುಂದೆ ಹಾದುಹೋಗೋಕೂ ಹೆದರೋರು. ಫೋನಿನಲ್ಲಿ ಜಾಂಬಿ ಮೀಮ್‌ಗಳು ಬೇರೆ. ಆ ಮನೆಯೊಳಗೆ ಇದ್ದವರು ಜ್ವರದಲ್ಲಿ ಮಲಗಿದ್ದ ಯಾರದೋ ಅಜ್ಜ, ಯಾರದೋ ಅವ್ವ.

ಗೇಮ್ ಆಡಬೇಡಿ ಅಂತ ನಾವು ಹೇಳ್ತಿಲ್ಲ. 'ರೆಸಿಡೆಂಟ್ ಈವಿಲ್' ನಮ್ಮ ಲ್ಯಾಪ್‌ಟಾಪ್‌ನಲ್ಲೂ ಇದೆ. ಸತ್ತು ಎದ್ದವರನ್ನು ಎಷ್ಟು ಬೇಕಾದ್ರೂ ಉರುಳಿಸಿ. ಮೈ ಇನ್ನೂ ಬೆಚ್ಚಗಿರೋರಿಗೆ ಮಾತ್ರ ಬೇರೆ ಹೆಸರು ಬೇಕು. '28 ಡೇಸ್ ಲೇಟರ್'ನವರು ಅದನ್ನು ಆಗಲೇ ಇಟ್ಟಿದ್ದಾರೆ: ಇನ್‌ಫೆಕ್ಟೆಡ್, ಸೋಂಕಿತರು.