ಸಂತೋಷ ‘ಆರಿಸಿಕೊಳ್ಳಬೇಕಂತೆ’

‘ಸಂತೋಷವನ್ನು ಆರಿಸಿಕೊಳ್ಳಿ.’ ಅನುವಾದಕ್ಕೆ ಬರುವ ಪುಸ್ತಕಗಳಲ್ಲಿ ಈ ವಾಕ್ಯ ತಪ್ಪುವುದಿಲ್ಲ. ಪ್ರತಿ ಸಲವೂ ನನ್ನ ಕೈ ನಿಲ್ಲುತ್ತದೆ. ಕನ್ನಡದಲ್ಲಿ ನಮಗೆ ಸಂತೋಷ ‘ಆಗುತ್ತದೆ’, ಮರಾಠಿಯಲ್ಲೂ ಹಾಗೇ. ವ್ಯಾಕರಣವೇ ಸತ್ಯ ಎನ್ನುತ್ತಿಲ್ಲ. ಆದರೆ ಅದು ಆರಿಸಿಕೊಳ್ಳುವ ವಸ್ತುವಾದರೆ, ಸಂತೋಷವಿಲ್ಲದವನದೇ ತಪ್ಪು ಎಂದಾಯಿತಲ್ಲ! ನಮ್ಮ ಕೋಥರೂಡದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿಯವರು ನಸುಕಿಗೇ ಏಳುತ್ತಾರೆ. ಅವರಿಗೆ ಯಾವ ಒಳ್ಳೆಯ ಅಭ್ಯಾಸ ಕಡಿಮೆಯಾಗಿದೆ? ಕಡಿಮೆಯಿರುವುದು ಕೂಲಿ.

ಇನ್ನು ‘21 ದಿನದಲ್ಲಿ ಅಭ್ಯಾಸ’. 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದದ್ದು, ಹೊಸ ಮುಖಕ್ಕೆ ಒಗ್ಗಿಕೊಳ್ಳಲು ‘ಕನಿಷ್ಠ’ ಸುಮಾರು 21 ದಿನ ಬೇಕು ಎಂದು. ಲಂಡನ್ನಿನ ಫಿಲಿಪಾ ಲ್ಯಾಲಿ ತಂಡ ಅಭ್ಯಾಸಗಳನ್ನೇ ಅಳೆದಾಗ ಬಂದ ಅಂದಾಜು 18ರಿಂದ 254 ದಿನ. ಆ ‘ಕನಿಷ್ಠ’ವನ್ನು ಯಾರು ನುಂಗಿದರೋ! ನಾನು ನುಂಗಿದ್ದರೆ ಸಂಭಾವನೆ ಸಿಗುತ್ತಿರಲಿಲ್ಲ.