ವಿಜ್ಞಾನವನ್ನು ತಜ್ಞರಿಗಷ್ಟೇ ಬಿಟ್ಟುಬಿಡಬೇಕೇ?

ವಿಜ್ಞಾನದ ಸಂಗತಿಗಳನ್ನು ತಜ್ಞರಿಗೆ ಬಿಟ್ಟುಬಿಡಿ, ಜನಸಾಮಾನ್ಯರಿಗೆ ಅದರ ಉಸಾಬರಿ ಯಾಕೆ ಎಂಬ ಉಪದೇಶ ಆಗಾಗ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ವಿನಯದ ಮಾತು. ಆದರೆ ಈ ಉಪದೇಶದಿಂದ ಯಾರಿಗೆ ಲಾಭವಾಗಿದೆ ಎಂಬುದನ್ನೂ ನಾವು ಕೇಳಬೇಕಾಗಿದೆ.

1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಎಂಬ ಪುಸ್ತಕ ಬರೆದರು. ಡಿಡಿಟಿಯಂತಹ ಕೀಟನಾಶಕಗಳು ಮಣ್ಣು, ನೀರು ಮತ್ತು ಹಕ್ಕಿಗಳ ದೇಹವನ್ನು ಸೇರುವ ಬಗೆಯನ್ನು ಅವರು ಗೃಹಿಣಿಗೂ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದರು. ರಾಸಾಯನಿಕ ಉದ್ಯಮ ಕೆರಳಿತು. ಒಂದು ಕಂಪೆನಿಯಂತೂ ಪ್ರಕಾಶಕರಿಗೆ ಮೊಕದ್ದಮೆಯ ಬೆದರಿಕೆ ಒಡ್ಡಿತು. ಆಕೆ ಭಾವುಕ ಹೆಂಗಸು ಎಂಬ ಅಪಪ್ರಚಾರವೂ ನಡೆಯಿತು. ನಿಜವಾಗಿ, ಕೀಟನಾಶಕಗಳನ್ನೆಲ್ಲ ನಿಷೇಧಿಸಿ ಎಂದು ಅವರು ಹೇಳಿರಲೇ ಇಲ್ಲ. ತಮ್ಮ ಮೇಲೆ ಏನನ್ನು ಸಿಂಪಡಿಸಲಾಗುತ್ತಿದೆ ಎಂದು ತಿಳಿಯುವ ಹಕ್ಕು ಜನರಿಗಿದೆ ಎಂಬುದೇ ಅವರ ವಾದವಾಗಿತ್ತು. 1963ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿಯ ವರದಿ ಬಹುಮಟ್ಟಿಗೆ ಅವರನ್ನು ಸಮರ್ಥಿಸಿತು. 1972ರಲ್ಲಿ ಅಲ್ಲಿನ ಕೃಷಿಯಲ್ಲಿ ಡಿಡಿಟಿ ಬಳಕೆ ನಿಂತಿತು. ಅಷ್ಟರಲ್ಲಿ ಕಾರ್ಸನ್ ತೀರಿಕೊಂಡು 8 ವರ್ಷಗಳಾಗಿದ್ದವು.

ಇದು ಅಮೆರಿಕದ ಕಥೆ, ನಮಗೇನು ಎನ್ನುವಂತಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 2 ದಶಕಗಳಿಗೂ ಹೆಚ್ಚು ಕಾಲ, 2000ದವರೆಗೂ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕೆಳಗೆ ತೆರೆದ ಬಾವಿಗಳಿದ್ದವು, ಕುಡಿಯುವ ನೀರಿನ ಸುರಂಗಗಳಿದ್ದವು, ಕನ್ನಡ ಮಾತಾಡುವ ಕುಟುಂಬಗಳಿದ್ದವು. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯ ಮತ್ತು ಅಪಸ್ಮಾರಗಳಿಂದ ಬಳಲುವ ಮಕ್ಕಳನ್ನು ಕಂಡ ಅನೇಕ ತಾಯಂದಿರು ಅದನ್ನು ದೈವದ ಶಾಪವೆಂದೇ ಬಗೆದಿದ್ದರು. ಸಂಶಯ ಎತ್ತಿದವರು ಯಾವ ಮಹಾ ಪ್ರಯೋಗಾಲಯದವರೂ ಅಲ್ಲ. ಊರಿನ ವೈದ್ಯ ಮೋಹನ ಕುಮಾರ್ ಮತ್ತು ಕೃಷಿ ಪತ್ರಕರ್ತ ಶ್ರೀಪಡ್ರೆಯಂಥವರು. ತಜ್ಞರ ಸಮಿತಿಗಳಾದರೋ ಒಂದು ಸಂಬಂಧವಿದೆ ಎಂದರೆ ಇನ್ನೊಂದು ಇಲ್ಲ ಎಂದಿತು. ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧಿಸಿದ್ದು 2011ರಲ್ಲಿ. ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಹಳ್ಳಿಗಳಲ್ಲೂ ಇದೇ ಗೋಳು.

ಗಾಳಿಯಲ್ಲಿ ಬಂದ ವಿಷ ನೀರಿಗಿಳಿದು ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ ಎಂಬಷ್ಟು ತಿಳಿಯಲು ಪದವಿ ಬೇಕಿಲ್ಲ, ಒಂದು ಒಳ್ಳೆಯ ಪುಸ್ತಕ ಸಾಕು. ಅಂಥ ಪುಸ್ತಕ ನಮ್ಮ ಮನೆಗಳಲ್ಲಿದೆಯೇ? ಕಪಾಟು ತೆರೆದರೆ ಸಿಇಟಿ, ನೀಟ್ ಗೈಡುಗಳು. ಮಗ ಡಾಕ್ಟರಾಗಬೇಕು, ಮಗಳು ಎಂಜಿನಿಯರಾಗಬೇಕು. ಆದರೆ ಮನೆಯ ಬಾವಿಯ ನೀರಿನಲ್ಲಿ ಏನಿದೆ ಎಂದು ಕೇಳುವ ಕುತೂಹಲ ಮಾತ್ರ ಬೇಡ. ವಿಜ್ಞಾನ ಓದಿದವರ ಸಂಖ್ಯೆ ಸಮುದಾಯದಲ್ಲಿ ಹೆಚ್ಚಿದೆ, ವಿಜ್ಞಾನದ ಪುಸ್ತಕ ಓದುವವರ ಸಂಖ್ಯೆ ಹೆಚ್ಚಿದಂತೆ ಕಾಣುತ್ತಿಲ್ಲ.

ಕನ್ನಡದಲ್ಲಿ ಪುಸ್ತಕಗಳಿಲ್ಲ ಎಂಬ ನೆಪವೂ ನಿಲ್ಲದು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು 4 ಸಂಪುಟಗಳಲ್ಲಿ ಕೊಟ್ಟರು. ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ಬಗ್ಗೆ ಬರೆದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರಲ್ಲಿ ನಗುವಿಗೂ ಕೊರತೆಯಿಲ್ಲ. ತೇಜಸ್ವಿಯವರ 'ಪರಿಸರದ ಕತೆ'ಯನ್ನು ಹತ್ತರ ಹುಡುಗಿಯೂ ಅಜ್ಜನೂ ಒಟ್ಟಿಗೆ ಓದಬಹುದು. ಹಾಗೆಂದು ವಿಜ್ಞಾನದ ಹಣೆಪಟ್ಟಿ ಹಚ್ಚಿಕೊಂಡದ್ದೆಲ್ಲ ವಿಜ್ಞಾನವಲ್ಲ. ಪವಾಡಗಳ ಪಟ್ಟಿ ಕೊಟ್ಟು ಪುರಾವೆ ಕೊಡದ ಪುಸ್ತಕಗಳು ಸಂತೆಯಲ್ಲಿ ರಾಶಿ ಬಿದ್ದಿವೆ, ದುರದೃಷ್ಟವಶಾತ್ ಅವುಗಳಿಗೆ ಗಿರಾಕಿಗಳೂ ಇದ್ದಾರೆ.

ಫಲಿತಾಂಶದ ಋತುವಿನಲ್ಲಿ ಜಮಾಅತ್ ಕಮಿಟಿಗಳೂ ಸಂಘ-ಸಂಸ್ಥೆಗಳೂ ಪ್ರತಿಭಾ ಪುರಸ್ಕಾರದ ಹೆಸರಿನಲ್ಲಿ ಶಾಲು, ಗಾಜಿನ ಸ್ಮರಣಿಕೆಗಳಿಗೆ ಸುರಿಯುವ ಹಣದಲ್ಲಿ ಪ್ರತಿ ಮಗುವಿಗೂ ಇಂಥ ಎರಡು ಪುಸ್ತಕಗಳನ್ನು ಕೊಡಬಹುದು. ಮದ್ರಸದ ಒಂದು ಕೋಣೆಯಲ್ಲಿ ಸಂಜೆ ತೆರೆಯುವ ಗ್ರಂಥಾಲಯಕ್ಕೆ ಬೇಕಾದುದು ಒಂದು ಕಪಾಟು, ಎರಡು ಬೆಂಚು, ಬೀಗದ ಕೈ ಹಿಡಿದುಕೊಳ್ಳಲು ಒಬ್ಬ ನಿವೃತ್ತ ಮೇಷ್ಟ್ರು. ಅಲ್ಲಿಗೆ ಹೆಣ್ಣುಮಕ್ಕಳಿಗೂ ಪ್ರವೇಶವಿರಬೇಕು ಎಂಬುದನ್ನು ಕಮಿಟಿಯವರು ಮೊದಲ ಸಭೆಯಲ್ಲೇ ಬರೆದಿಟ್ಟುಕೊಳ್ಳಲಿ.